ಕಲಿಯುವಾಗ ಹುಡುಗಿಯರೇ ಜಾಸ್ತಿ, ಕಲಾವಿದರ ಪಟ್ಟಿಯಲ್ಲಿ ಯಾಕೆ ಕಾಣುವುದಿಲ್ಲ?

ಬಣ್ಣದಡಬ್ಬಿ, ಬದಿಯಡ್ಕ

ಈ ವಿಷಯ ಇಲ್ಲಿ ಸರಿಯಾಗಿ ಚರ್ಚೆಯಾಗಲಿ ಅಂತ ಹಾಕುತ್ತಿದ್ದೇನೆ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಬರುವವರಲ್ಲಿ ಹುಡುಗಿಯರೇ ಜಾಸ್ತಿ. ನೀರ್ಚಾಲು, ಮುಳ್ಳೇರಿಯ ಕಡೆ ಕಲಿಸುವವರನ್ನು ಕೇಳಿದರೂ ಅದೇ ಮಾತು. ಸಂಗೀತ, ಭರತನಾಟ್ಯ ಬಿಡಿ, ಯಕ್ಷಗಾನ ತರಬೇತಿಯಲ್ಲೂ ಈಗ ಗೆಜ್ಜೆ ಕಟ್ಟುವ ಹುಡುಗಿಯರು ಕಡಿಮೆಯೇನಿಲ್ಲ.

ಮೊನ್ನೆ ಒಂದು ಆಮಂತ್ರಣ ಪತ್ರಿಕೆ ಕೈಗೆ ಬಂತು. ಹಗಲು ಚಿತ್ರಕಲಾ ಶಿಬಿರ, ಸಂಜೆ ಯಕ್ಷಗಾನದ ಆಟ. ಶಿಬಿರದ ಕಲಾವಿದರು ಎಲ್ಲ ಗಂಡಸರು. ಹಿಮ್ಮೇಳ (ಹಾಡುವವರು, ಬಾರಿಸುವವರು), ಮುಮ್ಮೇಳ (ವೇಷ ಹಾಕುವವರು) ಎಲ್ಲ ಗಂಡಸರು. ಹೆಂಗಸರ ಹೆಸರು ಇಲ್ಲವೇ ಅಂದರೆ ಉಂಟು. 'ಪ್ರಾರ್ಥನೆ' ಎಂಬಲ್ಲಿ ಒಂದು. 'ರಂಗೋಲಿ' ಎಂಬಲ್ಲಿ 'ಮಹಿಳಾ ಸಮಿತಿ ಸದಸ್ಯೆಯರು' ಅಂತ ಒಟ್ಟಿಗೆ. ಆ ರಂಗೋಲಿ ಹಾಕಿದವರಲ್ಲಿ ಒಬ್ಬಳು ನನಗೆ ಗೊತ್ತು. ಜಲವರ್ಣದಲ್ಲಿ ಅವಳಷ್ಟು ಚೆನ್ನಾಗಿ ಮಳೆಗಾಲದ ಅಡಿಕೆ ತೋಟ ಬಿಡಿಸುವವರನ್ನು ನಾನು ನಮ್ಮ ಸೀಮೆಯಲ್ಲಿ ನೋಡಿಲ್ಲ. ಹಸಿರಿನೊಳಗೆ ಇರುವ ಆ ಕಪ್ಪು, ಕಾಂಡದ ಮೇಲೆ ನೀರು ಇಳಿದ ಗುರುತು, ಕೊಳೆರೋಗಕ್ಕೆ ಮದ್ದು ಬಿಟ್ಟ ಮೇಲೆ ಸೋಗೆಯಲ್ಲಿ ಉಳಿಯುವ ನೀಲಿ. ಅದೆಲ್ಲ ಅವಳ ಕಾಗದದ ಮೇಲೆ ಉಂಟು. ಶಿಬಿರದ ಪಟ್ಟಿಯಲ್ಲಿ ಅವಳಿಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಂತ ನಾನು ಹೇಳುತ್ತಿಲ್ಲ. ನ್ಯೂಯಾರ್ಕಿನ ಗೆರಿಲ್ಲಾ ಗರ್ಲ್ಸ್ ಎಂಬ ಗುಂಪು 1989ರಲ್ಲಿ ಒಂದು ಪೋಸ್ಟರ್ ಮಾಡಿತ್ತು. ಅಲ್ಲಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಗಿ ಅವರು ಲೆಕ್ಕ ಹಾಕಿದ್ದರು. ಆಧುನಿಕ ಕಲೆಯ ವಿಭಾಗದಲ್ಲಿ ಹೆಣ್ಣು ಕಲಾವಿದರು ಶೇ. 5ಕ್ಕಿಂತ ಕಡಿಮೆ. ಬೆತ್ತಲೆ ಚಿತ್ರಗಳಲ್ಲಿ ಹೆಣ್ಣಿನವು ಶೇ. 85. ಅದಾಗಿ ಎಷ್ಟೋ ವರ್ಷಗಳ ನಂತರ, 2008ರಿಂದ 2020ರವರೆಗೆ ಅಮೆರಿಕದ 31 ಮ್ಯೂಸಿಯಂಗಳು ಸೇರಿಸಿಕೊಂಡ ಕೃತಿಗಳನ್ನು ಬರ್ನ್ಸ್ ಹಾಲ್ಪರಿನ್ ವರದಿ ಎಣಿಸಿತು. ಹೆಂಗಸರದ್ದು ಶೇ. 11 ಮಾತ್ರ.

ನನ್ನ ಪ್ರಶ್ನೆ ಇಷ್ಟೇ. ಕಲಿತವರು ಎಲ್ಲಿ ಹೋಗುತ್ತಾರೆ?

ಕುಂಬಳೆ ಸೀಮೆ

ಅಕ್ಕ, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಕಲೆಯಲ್ಲಿ ಗಂಡು ಹೆಣ್ಣು ಅಂತ ನೋಡಬಾರದು ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿದ್ದರೆ ಜನ ಒಪ್ಪುತ್ತಾರೆ. ಲೀಲಾವತಿ ಬೈಪಡಿತ್ತಾಯರು ನಮ್ಮ ಮಧೂರಿನಲ್ಲೇ ಹುಟ್ಟಿದವರು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಮೊದಲ ಮಹಿಳಾ ಭಾಗವತರು, ಅಂದರೆ ಪದ ಹಾಡಿ ಆಟ ನಡೆಸುವವರು. ವೃತ್ತಿ ಮೇಳಗಳಲ್ಲೇ (ಯಕ್ಷಗಾನ ತಂಡಗಳಲ್ಲೇ) ತಿರುಗಾಟ ಮಾಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ ಬಂತು. ಅವರನ್ನು ಯಾರೂ ತಡೆಯಲಿಲ್ಲವಲ್ಲ?

ನಾನು ಒಂದು ಉತ್ಸವ ಸಮಿತಿಯಲ್ಲಿದ್ದೇನೆ. ಬೇಕಂತಲೇ ಹೆಂಗಸರನ್ನು ಬಿಡುವುದು ಅಂತ ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಹೆಸರು ನೆನಪಾದವರನ್ನು ಕರೆಯುತ್ತೇವೆ, ಅಷ್ಟೇ.

ಮದ್ದಳೆ ಕೂಸು

ಅಣ್ಣ, 'ಹೆಸರು ನೆನಪಾದವರನ್ನು ಕರೆಯುತ್ತೇವೆ' ಅಂದಿರಲ್ಲ, ವಿಷಯ ಇರುವುದೇ ಅಲ್ಲಿ.

ಲೀಲಮ್ಮ ನನಗೆ ದೇವರ ಸಮಾನ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಎರಡು ದಿನ ಮದ್ದಳೆ ಮುಟ್ಟಲಿಲ್ಲ. ಆದರೆ ಅವರ ದಾರಿಯನ್ನು ಒಮ್ಮೆ ಸರಿಯಾಗಿ ನೋಡಿ. ಸಂಗೀತ ಮೊದಲೇ ಗೊತ್ತಿತ್ತು. ಯಕ್ಷಗಾನದ ಹಾಡುಗಾರಿಕೆ ಬಂದದ್ದು ಮದುವೆಯ ನಂತರ, ಗಂಡ ಹರಿನಾರಾಯಣ ಬೈಪಡಿತ್ತಾಯರಿಂದ. ಅವರು ಹೆಸರಾಂತ ಹಿಮ್ಮೇಳದವರು. ರಂಗಸ್ಥಳದಲ್ಲಿ ಪಕ್ಕದಲ್ಲೇ ಗಂಡ ಇದ್ದರು. ಆಟ ಮುಗಿಸಿ ಮನೆಗೆ ಹೋಗುವಾಗಲೂ ಜೊತೆಗಿದ್ದರು. ಆ ಸ್ವರ, ಆ ಲಯ ಲೀಲಮ್ಮನದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಗಂಡ ಇಲ್ಲದ, ಅಂಥ ಅಪ್ಪ ಇಲ್ಲದ ಹುಡುಗಿ ಏನು ಮಾಡಬೇಕು? ಗಂಡಸರು ಮೇಳಕ್ಕೆ ಸೇರುವಾಗ ಹೆಂಡತಿಯೂ ಕಲಾವಿದೆ ಆಗಿರಬೇಕು ಅಂತ ಯಾರಾದರೂ ಕೇಳುತ್ತಾರಾ?

ಲೀಲಮ್ಮ 1947ರಲ್ಲಿ ಹುಟ್ಟಿದವರು. ಆಮೇಲೆ ಒಳ್ಳೆಯ ಭಾಗವತಿಕೆ ಮಾಡುವ ಹುಡುಗಿಯರು ಬಂದಿದ್ದಾರೆ, ಯೂಟ್ಯೂಬಿನಲ್ಲಿ ಅವರ ಪದ ಕೇಳುವವರೂ ತುಂಬಾ ಜನ. ಆದರೆ ದೀಪಾವಳಿ ಕಳೆದು ಮೇಳ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಪೂರ್ತಿ ತಿರುಗಾಟಕ್ಕೆ ಸೇರಿದ ಹೆಂಗಸರು ಎಷ್ಟು? ನಮ್ಮನ್ನು ಕರೆಯುವುದು 'ಅತಿಥಿ'ಯಾಗಿ. ಅಥವಾ ಮಹಿಳಾ ದಿನಕ್ಕೆ, ಮಹಿಳಾ ತಾಳಮದ್ದಳೆಗೆ. ಅತಿಥಿಗೆ ತಿಂಗಳ ಸಂಬಳ ಇಲ್ಲ.

ಚೌಕಿ, ಅಂದರೆ ವೇಷ ಕಟ್ಟುವ ಜಾಗ, ನೋಡಿದವರಿಗೆ ಗೊತ್ತು. ಎದುರು ಗಣಪತಿಗೆ ದೀಪ, ಎರಡು ಸಾಲು ಪೆಟ್ಟಿಗೆ, ಕನ್ನಡಿ ಹಿಡಿದು ಕೂತ ವೇಷಧಾರಿಗಳು, ಬಟ್ಟೆ ಕಟ್ಟುವವರು. ನಾನು ಸೀರೆ ಸರಿಮಾಡಿಕೊಳ್ಳಲು ಹೋಗುವುದು ಎಲ್ಲಿಗೆ? ಹೆಚ್ಚಾಗಿ ಪಕ್ಕದ ಮನೆಯವರ ಬಾಗಿಲು ತಟ್ಟಿ ಕೇಳುತ್ತೇನೆ. ಒಳ್ಳೆಯವರು, ಒಳಗೆ ಕರೆಯುತ್ತಾರೆ, ಕಾಫಿಯೂ ಕೊಡುತ್ತಾರೆ. ಗದ್ದೆಯ ಮಧ್ಯೆ ಆಟ ಇದ್ದರೆ ಆ ಮನೆಯೂ ಇಲ್ಲ. ಸಂಜೆಯಿಂದ ನೀರು ಕುಡಿಯದೆ ಕೂತು ಬಾರಿಸಿದ ರಾತ್ರಿಗಳಿವೆ.

ಇನ್ನೊಂದು ಹೇಳಲೇಬೇಕು. ಒಂದು ಕಡೆ ಆಟ ಮುಗಿದ ಮೇಲೆ ಗಂಡು ಕಲಾವಿದರಿಗೆಲ್ಲ ಲಕೋಟೆ ಕೊಟ್ಟರು. ನನಗೆ ಶಾಲು, ಫಲಪುಷ್ಪ, ಸ್ಮರಣಿಕೆ. ಗೌರವ ಅಂತ ಪ್ರೀತಿಯಿಂದಲೇ ಕೊಟ್ಟದ್ದು. ಆದರೆ ಮದ್ದಳೆಗೆ ಮುಚ್ಚಿಗೆ (ಚರ್ಮದ ಹೊದಿಕೆ) ಹೊಸತು ಹಾಕಿಸುವಾಗ ಸ್ಮರಣಿಕೆ ಕೊಟ್ಟರೆ ಆಗುವುದಿಲ್ಲವಲ್ಲ.

ಪೆರ್ಲದ ಮಾಷ್ಟ್ರು

ಮಗಳೇ, ಬರೆದದ್ದು ಓದಿ ಸಂಕಟವಾಯಿತು. ಶಾಲೆಯಲ್ಲಿ ಇದ್ದಾಗ ನಾನು ಮಕ್ಕಳನ್ನು ಕಲೋತ್ಸವಕ್ಕೆ ಕರೆದುಕೊಂಡು ಹೋಗುತ್ತಿದ್ದೆ. 2019ರಲ್ಲಿ ರಾಜ್ಯ ಶಾಲಾ ಕಲೋತ್ಸವ ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ ಆಯಿತು, 60ನೆಯದು. ಅಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಹುಡುಗಿಯರು ರಾಕ್ಷಸರ ಬಣ್ಣದ ವೇಷ ಹಾಕಿ ಅಬ್ಬರ ಕೊಟ್ಟು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತೆಂಗಿನಕಾಯಿ ಎತ್ತಲು ಕಷ್ಟಪಡುವ ಕೈ ಅಂತ ನಾವು ಹೇಳುವ ಹುಡುಗಿಯರು, ಅಷ್ಟು ದೊಡ್ಡ ಕಿರೀಟ ಹೊತ್ತು ಹಾರಿ ಸುತ್ತಿ ಧೀಂಗಿಣ ಹೊಡೆಯುತ್ತಾರೆ. ಸಭೆಯಲ್ಲಿ ಅಪ್ಪಂದಿರು ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ.

ಪ್ಲಸ್ ಟೂ ಮುಗಿದ ಕೂಡಲೇ ಅದೇ ಅಪ್ಪಂದಿರು 'ಇನ್ನು ಸಾಕು' ಅನ್ನುತ್ತಾರೆ. ಕಲೋತ್ಸವದ ಗ್ರೇಸ್ ಮಾರ್ಕ್ (ಪರೀಕ್ಷೆಗೆ ಸೇರುವ ಹೆಚ್ಚಿನ ಅಂಕ) ಸಿಕ್ಕಿತು, ಕೆಲಸ ಮುಗಿಯಿತು. ಜೊತೆಗೆ ಕುಣಿದ ಹುಡುಗ ಮಳೆಗಾಲ ಕಳೆದ ಮೇಲೆ ಮೇಳಕ್ಕೆ ಸೇರುತ್ತಾನೆ. ಹುಡುಗಿ ಬಿಎಡ್ ಅರ್ಜಿ ಹಾಕುತ್ತಾಳೆ. ಬಿಎಡ್ ಬೇಡ ಅನ್ನುತ್ತಿಲ್ಲ. ಆಯ್ಕೆ ಅವಳದ್ದಾಗಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ.

ಇದಕ್ಕೆ ಸಂಸ್ಥೆಗಳೂ ಕಾರಣ. ಕೇರಳ ಕಲಾಮಂಡಲಂ ಶುರುವಾದದ್ದು 1930ರಲ್ಲಿ. ಕಥಕಳಿ ಕೋರ್ಸಿಗೆ ಹುಡುಗಿಯರನ್ನು ಸೇರಿಸಿಕೊಂಡದ್ದು 2021ರಲ್ಲಿ. ತೊಂಬತ್ತು ವರ್ಷ ಬಾಗಿಲು ಹಾಕಿತ್ತು. ಆ ತೊಂಬತ್ತು ವರ್ಷ ಹೆಂಗಸರು ಸುಮ್ಮನೆ ಕೂತಿರಲಿಲ್ಲ. ಚವರ ಪಾರುಕುಟ್ಟಿ ಹೊರಗೆ ಗುರುಗಳನ್ನು ಹುಡುಕಿ ಕಲಿತು ವೃತ್ತಿ ಕಲಾವಿದೆ ಆದರು. ತೃಪ್ಪೂಣಿತ್ತುರದಲ್ಲಿ 1975ರಲ್ಲೇ ಹೆಂಗಸರದ್ದೇ ಕಥಕಳಿ ತಂಡ ಎದ್ದಿತು.

ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ನೋಡಿದ ಕಣ್ಣು ನನ್ನದು. ಅವರೂ ನಮ್ಮ ಮಂಜೇಶ್ವರದ ಕಡೆಯವರೇ. ಅವರ ದಾಕ್ಷಾಯಿಣಿ ಪಾತ್ರ ರಂಗಕ್ಕೆ ಬಂದರೆ ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಆ ಕಲೆಗೆ ನಾನು ತಲೆಬಾಗುತ್ತೇನೆ. ಗಂಡು ಹೆಣ್ಣಾಗಿ ಅಷ್ಟು ಚಂದ ಕಂಡರೆ ಒಪ್ಪುವ ನಾವು, ಹೆಣ್ಣು ಅರ್ಜುನನಾಗಿ ಬಂದಾಗ ಮಾತ್ರ 'ಸ್ವರ ಸಾಲದು' ಅಂತ ಯಾಕೆ ಹೇಳುತ್ತೇವೆ?

ಕಡಲದಾರಿ, ಮಂಗಳೂರು (ಮೂಲ ಉಪ್ಪಳ)

ಯಕ್ಷಗಾನದ ಬಗ್ಗೆ ನನಗೆ ಹೆಚ್ಚು ತಿಳಿಯದು. ಚಿತ್ರಗಳಿಗೆ ಚೌಕಟ್ಟು ಹಾಕುವುದು, ಪ್ರದರ್ಶನಕ್ಕೆ ಏರಿಸುವುದು ನನ್ನ ಕೆಲಸ. ಹಾಗಾಗಿ ಕೊಳ್ಳುವವರ ಮಾತು ಕಿವಿಗೆ ಬೀಳುತ್ತದೆ. 'ಮದುವೆಯಾದ ಮೇಲೆ ಬಿಡಿಸುವುದು ನಿಲ್ಲಿಸಿದರೆ ನನ್ನ ದುಡ್ಡು ಹೋಯಿತಲ್ಲ' ಅಂತ ನೇರವಾಗಿ ಕೇಳಿದವರಿದ್ದಾರೆ. ಗ್ಯಾಲರಿಯವರಿಗೂ ಅದೇ ಲೆಕ್ಕ. ಕಲಾವಿದನ ಬೆಲೆ ಏರಬೇಕಾದರೆ ಅವನು ಮೂವತ್ತು ನಲವತ್ತು ವರ್ಷ ಬಿಡದೆ ಕೆಲಸ ಮಾಡಬೇಕು. ಹೆಣ್ಣು ಮಾಡುತ್ತಾಳೆ ಅಂತ ಇವರಿಗೆ ನಂಬಿಕೆ ಇಲ್ಲ. ನಂಬಿಕೆ ಇಲ್ಲದ ಕಾರಣ ಪ್ರದರ್ಶನ ಕೊಡುವುದಿಲ್ಲ. ಪ್ರದರ್ಶನ ಇಲ್ಲದ ಕಾರಣ ಅವಳು ಶಾಲೆಯ ಕೆಲಸಕ್ಕೆ ಹೋಗುತ್ತಾಳೆ. ಆಮೇಲೆ 'ನೋಡಿ, ಬಿಟ್ಟಳು' ಅನ್ನುತ್ತಾರೆ.

ಬೆಲೆಯ ವ್ಯತ್ಯಾಸ ಕೇಳಿ. 2018ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಕಲಾವಿದೆ ಜೆನ್ನಿ ಸ್ಯಾವಿಲ್ ಅವರ ಚಿತ್ರ ಸುಮಾರು 1.24 ಕೋಟಿ ಡಾಲರಿಗೆ ಹೋಯಿತು. ಬದುಕಿರುವ ಕಲಾವಿದೆಯರಲ್ಲಿ ಆಗ ಅದೇ ದಾಖಲೆ. ಮರುತಿಂಗಳು ಅದೇ ದೇಶದ ಕಲಾವಿದ ಡೇವಿಡ್ ಹಾಕ್ನಿ ಅವರ ಒಂದು ಚಿತ್ರಕ್ಕೆ 9 ಕೋಟಿ ಡಾಲರ್ ದಾಟಿತು. ನಮ್ಮ ದೇಶದ್ದು ಸ್ವಲ್ಪ ಬೇರೆ ಕಥೆ. ಅಮೃತಾ ಶೇರ್-ಗಿಲ್ 1937ರಲ್ಲಿ ಬರೆದ ಚಿತ್ರ 2023ರಲ್ಲಿ 61.8 ಕೋಟಿ ರೂಪಾಯಿಗೆ ಮಾರಾಟವಾಗಿ, ಆ ಹೊತ್ತಿಗೆ ಭಾರತದ ಎಲ್ಲ ಕಲಾವಿದರಿಗಿಂತ ಮೇಲೆ ಬಂತು. 2025ರಲ್ಲಿ ಎಂ.ಎಫ್. ಹುಸೇನರ ಚಿತ್ರ 118 ಕೋಟಿ ದಾಟಿತು. ಶೇರ್-ಗಿಲ್ ಒಬ್ಬರ ಹೆಸರು ಹೇಳಿ ಎಲ್ಲ ಸರಿಯಾಗಿದೆ ಅನ್ನುವವರು ತುಂಬಾ ಜನ. ಲೀಲಮ್ಮನ ಹೆಸರು ಹೇಳಿದ ಹಾಗೆ.

ಕೇರಳದ ಚಿತ್ರ ಕಲಾವಿದೆ ಟಿ.ಕೆ. ಪದ್ಮಿನಿ ಬಗ್ಗೆ ನಮ್ಮ ಕನ್ನಡದವರಿಗೆ ಗೊತ್ತಿರುವುದು ಕಡಿಮೆ. ಪೊನ್ನಾನಿ ಕಡೆಯವರು. ಮದ್ರಾಸಿಗೆ ಹೋಗಿ ಕಲಿತರು, ಕೆ.ಸಿ.ಎಸ್. ಪಣಿಕ್ಕರ್ ಅಲ್ಲಿ ಗುರು. 1969ರಲ್ಲಿ ಹೆರಿಗೆಯ ಹೊತ್ತಿಗೆ ತೀರಿಕೊಂಡರು, ವಯಸ್ಸು 29. ಅವರ ಹೆಣ್ಣು ಆಕೃತಿಗಳು ನೋಡುವವರನ್ನು ಮೆಚ್ಚಿಸಲು ನಿಂತಿರುವುದಿಲ್ಲ. ತಮ್ಮಷ್ಟಕ್ಕೆ ತಾವು ಇರುತ್ತವೆ. ಒಮ್ಮೆ ಹುಡುಕಿ ನೋಡಿ.

ಬಣ್ಣದಡಬ್ಬಿ, ಬದಿಯಡ್ಕ

ಪದ್ಮಿನಿಯ ಹೆಸರು ತೆಗೆದದ್ದು ತುಂಬಾ ಒಳ್ಳೆಯದಾಯಿತು.

'ದೊಡ್ಡ ಕಲಾವಿದೆಯರು ಯಾಕೆ ಇಲ್ಲ' ಎಂಬ ಪ್ರಶ್ನೆಯನ್ನು ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನೋಕ್ಲಿನ್ 1971ರಲ್ಲೇ ಎತ್ತಿದ್ದರು. ಅವರ ಉತ್ತರ ಪ್ರತಿಭೆಯ ಬಗ್ಗೆ ಅಲ್ಲ, ವ್ಯವಸ್ಥೆಯ ಬಗ್ಗೆ. ಯೂರೋಪಿನಲ್ಲಿ ದೊಡ್ಡ ಕಲಾವಿದ ಅನ್ನಿಸಿಕೊಳ್ಳಲು ಮನುಷ್ಯರ ಮೈ ನೋಡಿ ಬಿಡಿಸಲು ಕಲಿತಿರಬೇಕು. ಆ ತರಗತಿಗೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗ ಸ್ಥಾಪಕರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕಾಫ್ಮನ್ ಮತ್ತು ಮೇರಿ ಮೋಸರ್. ಆ ಸದಸ್ಯರ ಗುಂಪುಚಿತ್ರವನ್ನು ಜೋಹಾನ್ ಝೋಫನಿ ಬರೆದಾಗ ಗಂಡಸರೆಲ್ಲ ಕೋಣೆಯಲ್ಲಿ ಬೆತ್ತಲೆ ಮಾಡೆಲಿನ ಸುತ್ತ ಇದ್ದಾರೆ. ಆ ಇಬ್ಬರು ಗೋಡೆಗೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿ ಮಾತ್ರ ಇದ್ದಾರೆ. ಅವರ ನಂತರ ಪೂರ್ಣ ಸದಸ್ಯತ್ವ ಇನ್ನೊಬ್ಬ ಹೆಣ್ಣಿಗೆ ಸಿಕ್ಕಿದ್ದು 1936ರಲ್ಲಿ.

ನಮ್ಮ ಜಿಲ್ಲೆಗೇ ಬರೋಣ. ಶಿಲ್ಪಿ ಕಾನಾಯಿ ಕುಂಞಿರಾಮನ್ ಚೆರುವತ್ತೂರಿನವರು. ಅವರು ಮಾಡಿದ ಮಲಂಪುಳದ ಯಕ್ಷಿಯ ದೊಡ್ಡ ಶಿಲ್ಪ 1969ರದ್ದು. ಅದರ ಎದುರು ನಿಂತಾಗ ನನಗೆ ಧೈರ್ಯ ಬಂದಿತ್ತು, ಅದು ನಿಜ. ಆದರೆ ಅಷ್ಟು ದೊಡ್ಡ ಸಾರ್ವಜನಿಕ ಕೆಲಸವನ್ನು ಒಬ್ಬ ಹೆಣ್ಣಿನ ಕೈಗೆ ನಂಬಿ ಕೊಡುವ ಪಂಚಾಯತ್, ನಗರಸಭೆ, ದೇವಸ್ಥಾನದ ಸಮಿತಿ ನಮ್ಮ ಸುತ್ತಮುತ್ತ ಎಲ್ಲಿ ಉಂಟು? ಹೆಣ್ಣಿಗೆ ಆಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ 2014ರ ಕೊಚ್ಚಿ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ) ಶಾಂತಾಮಣಿ ಮುದ್ದಯ್ಯ ಮಾಡಿದ ಬೆನ್ನುಮೂಳೆಯ ಶಿಲ್ಪ ಇತ್ತು. ಕರ್ನಾಟಕದವರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಸೆಗಣಿ, ಕುಂಕುಮ, ದಾರ ಇಟ್ಟುಕೊಂಡು ಕೆಲಸ ಮಾಡಿ 2009ರಲ್ಲಿ ವೆನಿಸ್ ಬಿನಾಲೆಯವರೆಗೆ ಹೋದವರು. ನಮ್ಮ ಅಂಗಳದಲ್ಲೇ ಇರುವ ವಸ್ತುಗಳು ಅವು.

ತೆಂಬರೆ

ಇಲ್ಲಿ ಎಲ್ಲರೂ 'ಹೆಣ್ಣು ರಾತ್ರಿ ಹೊರಗೆ ಹೇಗೆ ಹೋಗುವುದು' ಎಂಬ ಮಾತಿನ ಸುತ್ತ ಇದ್ದೀರಿ. ನಾನು ಕೋಲದಲ್ಲಿ ದೈವದ ವೇಷ ಕಟ್ಟುವವರ ಮನೆಯವಳು. ನನ್ನ ಅಜ್ಜಿ ಜೀವಮಾನ ಇಡೀ ರಾತ್ರಿ ಹೊರಗೇ ಇದ್ದರು.

ಅಜ್ಜ ಮೋರೆಗೆ ಅರದಾಳದ ಹಳದಿ ಬಣ್ಣ ಹಾಕಲು ಕೂತಾಗ ಅಜ್ಜಿ ತೆಂಬರೆ ಎಂಬ ಚರ್ಮವಾದ್ಯ ಬಡಿದು, ದೈವದ ಕಥೆ ಹೇಳುವ ತುಳು ಹಾಡು ಪಾಡ್ದನ ಶುರುಮಾಡುತ್ತಿದ್ದರು. ದೈವ ಎಲ್ಲಿ ಹುಟ್ಟಿತು, ಯಾವ ಹೊಳೆ ದಾಟಿತು, ಯಾವ ಗುತ್ತಿನ ಮನೆಗೆ ಬಂತು, ಎಲ್ಲ ಅವರ ಬಾಯಲ್ಲಿ. ಪುಸ್ತಕ ಇಲ್ಲ. ಒಂದು ಸಾಲು ತಪ್ಪುವಂತಿಲ್ಲ. ಕಂಕುಳಲ್ಲಿ ಮಗು ಇದ್ದಾಗಲೂ ಹಾಡಿದ್ದಾರೆ. ರಾತ್ರಿ ಹೆಣ್ಣಿಗೆ ಆಗದು ಎಂಬ ಮಾತು ಆಗ ಯಾರಿಗೂ ನೆನಪಾಗಲಿಲ್ಲ. ನಮ್ಮ ಜಾತಿಯ ಹೆಂಗಸರು ದುಡಿಯಬಹುದು, ಹಾಡಬಹುದು, ಚಳಿಯಲ್ಲಿ ಕೂರಬಹುದು. ಕಲಾವಿದೆ ಅಂತ ಕರೆಯುವ ಹೊತ್ತಿಗೆ ಮಾತ್ರ ನಾವು ಕಾಣುವುದಿಲ್ಲ.

ಊರಿನ ಕೋಲದ ನೋಟೀಸಿನಲ್ಲಿ ಜೀಟಿಗೆ (ದೀವಟಿಗೆ) ಹಿಡಿಯುವವರ ಹೆಸರೂ ಇರುತ್ತದೆ. ಅಜ್ಜಿಯ ಹೆಸರು ಒಮ್ಮೆಯೂ ಬರಲಿಲ್ಲ. ಅವರಿಗೆ ಬೇರೆ ಪಡಿ (ಸಂಭಾವನೆ) ಅಂತ ಇರಲಿಲ್ಲ, ಅಜ್ಜನಿಗೆ ಸಿಕ್ಕಿದ್ದರಲ್ಲೇ ಅದೂ ಸೇರಿತ್ತು. ಸಂಶೋಧನೆಗೆ ಅಂತ ಬಂದವರು ಹಾಡಿಸಿ ರೆಕಾರ್ಡ್ ಮಾಡಿಕೊಂಡು ಹೋದರು. ಹೋದವರು ಹೋದರು.

ಕಣ್ಣೂರಿನ ಚೆರುಕುನ್ನು ಹತ್ತಿರ ತೆಕ್ಕುಂಬಾಡಿನಲ್ಲಿ ದೇವಕ್ಕೂತ್ತ್ ಎಂಬ ತೆಯ್ಯಂ (ನಮ್ಮ ಕೋಲದ ಹಾಗೆ) ಎರಡು ವರ್ಷಕ್ಕೊಮ್ಮೆ ಆಗುತ್ತದೆ. ಅದನ್ನು ಹೆಣ್ಣೇ ಕಟ್ಟುವುದು. ಹಾಗಾಗಿ ಸಂಪ್ರದಾಯ ಎಂದ ಕೂಡಲೇ ಹೆಣ್ಣಿಗೆ ಜಾಗ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ಕುಂಬಳೆ ಸೀಮೆ

ತೆಂಬರೆ ಅಕ್ಕ, ನಿಮ್ಮ ಅಜ್ಜಿಯ ವಿಷಯ ಓದಿ ತುಂಬಾ ಹೊತ್ತು ಏನೂ ಬರೆಯಲು ಆಗಲಿಲ್ಲ.

ಒಂದು ಮಾತು ಬಿಚ್ಚಿ ಹೇಳುತ್ತೇನೆ, ಯಾರೂ ಬೇಸರ ಮಾಡಬೇಡಿ. ಸಮಿತಿಯ ಸಭೆಯಲ್ಲಿ ಹೆಂಗಸರ ವಿಷಯ ಬಂದಾಗ ಹಿರಿಯರು ಹೇಳುವುದು ಎರಡು ಕಾರಣ. ಒಂದು ರಾತ್ರಿ ಇಡೀ ಆಟ. ಇನ್ನೊಂದು ಮುಟ್ಟು, ಮೈಲಿಗೆ. ದೇವಸ್ಥಾನದ ಮೇಳ, ಚೌಕಿಯಲ್ಲಿ ದೇವರು ಇರುತ್ತಾರೆ, ಅದಕ್ಕೆ ಕಷ್ಟ ಅಂತ. ಮೊದಲನೆಯದಕ್ಕೆ ಈಗ ಅರ್ಥವಿಲ್ಲ, ಒಪ್ಪುತ್ತೇನೆ. ಕಾಲಮಿತಿ ಪ್ರಯೋಗ ಬಂದು ತುಂಬಾ ಕಡೆ ಮಧ್ಯರಾತ್ರಿಯ ಹೊತ್ತಿಗೆ ಮಂಗಳ ಆಗುತ್ತದೆ. ಎರಡನೆಯದಕ್ಕೆ ಏನು ಹೇಳಲಿ?

ಮದ್ದಳೆ ಕೂಸು

ಅಣ್ಣ, ಎದುರೇ ಕೇಳಿದ್ದಕ್ಕೆ ಸಂತೋಷ. ಸಾಮಾನ್ಯವಾಗಿ ಇದನ್ನು ನಮ್ಮ ಬೆನ್ನ ಹಿಂದೆ ಹೇಳುತ್ತಾರೆ.

ನನಗೆ ಯಾವ ದಿನ ಆಗುವುದಿಲ್ಲ ಅಂತ ನಿರ್ಧಾರ ಮಾಡುವುದು ನಾನು. ಜ್ವರ ಬಂದರೆ ಭಾಗವತರು ಬದಲಿ ಕಳಿಸುತ್ತಾರೆ, ಸೂತಕ ಬಂದರೆ ವೇಷಧಾರಿ ರಜೆ ಹಾಕುತ್ತಾರೆ. ಅದಕ್ಕಾಗಿ ಅವರನ್ನು ಮೇಳಕ್ಕೇ ಸೇರಿಸಬಾರದು ಅಂತ ಯಾರೂ ಹೇಳುವುದಿಲ್ಲ. ತಿಂಗಳಲ್ಲಿ ಕೆಲವು ದಿನದ ಮಾತನ್ನು ಹಿಡಿದು ಇಡೀ ವರ್ಷದ ಕೆಲಸ ಕಿತ್ತುಕೊಳ್ಳುವುದು ನ್ಯಾಯವಾ? ಕಾಲಮಿತಿ ಬಂದಾಗ ನಾನು ತುಂಬಾ ಆಸೆ ಪಟ್ಟಿದ್ದೆ. ಸಮಯ ಬದಲಾಯಿತು, ಪಟ್ಟಿ ಬದಲಾಗಲಿಲ್ಲ.

ಶ್ರುತಿಯ ವಿಷಯವೂ ಹೇಳುತ್ತಾರೆ. ಹೆಣ್ಣು ಭಾಗವತರ ಶ್ರುತಿಗೆ ಬೇರೆ ಮದ್ದಳೆ ಬೇಕು, ಹೌದು. ಗಂಡು ಭಾಗವತರು ಬದಲಾದಾಗಲೂ ನಾವು ಮದ್ದಳೆ ಬದಲಿಸುತ್ತೇವೆ. ಇನ್ನೊಂದು ಮದ್ದಳೆ ಗಾಡಿಯಲ್ಲಿ ಇಟ್ಟುಕೊಂಡರೆ ಆಯಿತು.

ಅಮ್ಮ, ವರ್ಕಾಡಿ

ನಾನು ಬರೆಯುವವಳಲ್ಲ, ಓದುವವಳು. ಮಗಳಿಗೆ ಮೈಸೂರಿನ ಚಿತ್ರಕಲಾ ಕಾಲೇಜು ಕಾವಾಕ್ಕೆ ಹೋಗಿ ಕಲಿಯುವ ಆಸೆ. ಮನೆಯಲ್ಲಿ ಎಲ್ಲರೂ 'ಚಿತ್ರ ತಾನೇ, ಮನೆಯಲ್ಲೇ ಬಿಡಿಸಲಿ' ಅನ್ನುತ್ತಾರೆ. ಮನೆಯಲ್ಲಿ ಬಿಡಿಸಲು ಹೊತ್ತು ಎಲ್ಲಿದೆ? ಬೆಳಕು ಚೆನ್ನಾಗಿರುವ ಹೊತ್ತಿಗೆ ಅಡಿಕೆ ಹರವಲು ಕರೆಯುತ್ತಾರೆ, ಸಂಜೆ ನೆಂಟರು ಬರುತ್ತಾರೆ. ತಮ್ಮನಾದರೆ ಕೋಣೆ ಬಾಗಿಲು ಹಾಕಿಕೊಂಡು ಓದಬಹುದು. ಅವಳು ಬಾಗಿಲು ಹಾಕಿದರೆ 'ಏನಾಯಿತು ಅವಳಿಗೆ' ಅಂತ ಕೇಳುತ್ತಾರೆ.

ಕಳಿಸಬೇಕು ಅಂತ ನಾನು ಗಟ್ಟಿ ಮಾಡಿದ್ದೇನೆ. ಕಲಿತ ಮೇಲೆ ಹೊಟ್ಟೆಗೆ ಏನು ಅಂತ ಅವಳ ಅಪ್ಪ ಕೇಳಿದರೆ ಏನು ಹೇಳಲಿ? ಗೊತ್ತಿದ್ದವರು ಹೇಳಿ.

ಕಡಲದಾರಿ, ಮಂಗಳೂರು (ಮೂಲ ಉಪ್ಪಳ)

ಅಮ್ಮ, ಖಂಡಿತ ಕಳಿಸಿ. ಶಾಲೆಯ ಕೆಲಸ ಒಂದೇ ಅಲ್ಲ, ಪುಸ್ತಕದ ಚಿತ್ರ, ವಿನ್ಯಾಸ, ಆನಿಮೇಷನ್, ಮ್ಯೂಸಿಯಂ ಕೆಲಸ ಎಲ್ಲ ಉಂಟು. ಆದರೆ ಒಂದು ವಿಷಯ ಮೊದಲ ವರ್ಷದಿಂದಲೇ ಅಭ್ಯಾಸ ಮಾಡಿಸಿ. ಚಿತ್ರದ ಹಿಂದೆ ಹೆಸರು, ವರ್ಷ, ಅಳತೆ, ಯಾವ ಬಣ್ಣ ಅಂತ ಬರೆಯಬೇಕು. ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದಿಡಬೇಕು. ಮನೆಗೆ ಬಂದ ನೆಂಟರಿಗೆ ಸುಮ್ನೆ ಎತ್ತಿ ಕೊಡಬಾರದು. ಹುಡುಗಿಯರ ಚಿತ್ರಗಳು ಹೀಗೆ ಮದುವೆ ಉಡುಗೊರೆಯಾಗಿ ಹೋಗಿ, ಪ್ರದರ್ಶನದ ಅರ್ಜಿ ಹಾಕುವಾಗ ಕೈಯಲ್ಲಿ ಏನೂ ಇರುವುದಿಲ್ಲ. ಸಹಿ ಹಾಕಲು ನಾಚಿಕೊಳ್ಳುವವರನ್ನೂ ನೋಡಿದ್ದೇನೆ. ಹಾಲೆಂಡಿನ ಜೂಡಿತ್ ಲೇಸ್ಟರ್ ಸಹಿ ಹಾಕಿಯೂ ಅವರ ಚಿತ್ರಗಳು ಫ್ರಾನ್ಸ್ ಹಾಲ್ಸ್ ಎಂಬ ಗಂಡಸಿನ ಹೆಸರಲ್ಲಿ ಮಾರಾಟವಾದವು. 1893ರಲ್ಲಿ ಒಂದು ಚಿತ್ರದ ಮೇಲಿನ ಗುರುತು ಪತ್ತೆಯಾದ ಮೇಲೆಯೇ ಅವು ಅವರದ್ದು ಅಂತ ಗೊತ್ತಾಯಿತು. ಸಹಿಯೂ ಇಲ್ಲದಿದ್ದರೆ ಯಾರು ಹುಡುಕುತ್ತಾರೆ?

ನಮ್ಮ ಗಡಿನಾಡಿನವರಿಗೆ ಕಷ್ಟ ಇಮ್ಮಡಿ. ಕೇರಳದ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ಆಚೆಯ ಅರ್ಜಿಯಲ್ಲಿ ಕರ್ನಾಟಕದ ವಿಳಾಸ ಕೇಳುತ್ತಾರೆ. ಹುಡುಗರು ಬೈಕ್ ಹತ್ತಿ ಹೋಗಿ ವಿಚಾರಿಸಿ ಬರುತ್ತಾರೆ. ಹುಡುಗಿಯರಿಗೆ ಸುದ್ದಿ ತಲುಪುವಾಗ ಕೊನೆಯ ದಿನ ಕಳೆದಿರುತ್ತದೆ. ಮಲಯಾಳ ಓದಲು ಬರುವವರು ಇಲ್ಲಿ ಇಂಥ ಪ್ರಕಟಣೆಗಳನ್ನು ಕನ್ನಡದಲ್ಲಿ ಹಾಕಿದರೆ ದೊಡ್ಡ ಉಪಕಾರ.

ಪೆರ್ಲದ ಮಾಷ್ಟ್ರು

ಆ ಕೆಲಸ ನಾನು ಮಾಡುತ್ತೇನೆ. ಮಲಯಾಳ ನನಗೆ ಚೆನ್ನಾಗಿ ಬರುತ್ತದೆ.

ಬಣ್ಣದಡಬ್ಬಿ, ಬದಿಯಡ್ಕ

ಮಾಷ್ಟ್ರೇ, ತುಂಬಾ ಉಪಕಾರ.

ಕುಂಬಳೆ ಸೀಮೆಯ ಅಣ್ಣನಿಗೆ ಒಂದು ಮಾತು. ಆರಿಸುವವರು ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ಕೊಚ್ಚಿ ಬಿನಾಲೆ 2012ರಲ್ಲಿ ಶುರುವಾಯಿತು. 2018ರಲ್ಲಿ ಮೊದಲ ಬಾರಿ ಒಬ್ಬ ಹೆಣ್ಣು, ಅನಿತಾ ದುಬೆ, ಅದರ ಕಲಾವಿದರನ್ನು ಆರಿಸುವ ಕ್ಯುರೇಟರ್ ಆದರು. ಆ ಸಲ ಅರ್ಧಕ್ಕಿಂತ ಹೆಚ್ಚು ಕಲಾವಿದರು ಹೆಂಗಸರು. ಆ ಗೆರಿಲ್ಲಾ ಗರ್ಲ್ಸ್ ಕೂಡ ಅಲ್ಲಿಗೆ ಬಂದಿದ್ದರು. ಮೊದಲಿನ ಮೂರು ಸಲ ಈ ದೇಶದಲ್ಲಿ ಕಲಾವಿದೆಯರೇ ಇರಲಿಲ್ಲ ಅಂತಲ್ಲ. ಅವರ ಹೆಸರು ನೆನಪಾಗುವ ಒಬ್ಬರು ಆರಿಸುವ ಜಾಗದಲ್ಲಿ ಕೂತರು. ನಿಮ್ಮ ಸಮಿತಿಯಲ್ಲಿ ಕಾರ್ಯಕ್ರಮ ನಿಗದಿ ಮಾಡುವ ಸಭೆಗೆ ಹೆಂಗಸರು ಬರುತ್ತಾರಾ? ಮಹಿಳಾ ಸಮಿತಿಯ ಸಭೆ ಅಲ್ಲ, ವೀಳ್ಯ ಕೊಟ್ಟು ಯಾರನ್ನು ಕರೆಯುವುದು ಅಂತ ತೀರ್ಮಾನ ಆಗುವ ಸಭೆ.

ಕುಂಬಳೆ ಸೀಮೆ

ಬರುವುದಿಲ್ಲ. ಕರೆದೇ ಇಲ್ಲ. ಮುಂದಿನ ಸಭೆಗೆ ಇಬ್ಬರನ್ನು ಕರೆಯುತ್ತೇನೆ, ಅದು ನನ್ನ ಕೈಯಲ್ಲಿ ಇರುವುದು. ಆಟದ ಹಿಮ್ಮೇಳಕ್ಕೆ ಒಬ್ಬ ಮಹಿಳಾ ಭಾಗವತರನ್ನು ಮತ್ತು ಮದ್ದಳೆ ಕೂಸನ್ನು ಕರೆಯುವ ಪ್ರಸ್ತಾಪ ನಾನೇ ಇಡುತ್ತೇನೆ. ಹಿರಿಯರು ಏನು ಹೇಳುತ್ತಾರೋ ಈಗಲೇ ಹೇಳಲು ಬರುವುದಿಲ್ಲ. ಮಹಿಳಾ ಯಕ್ಷಗಾನ ಅಂತ ಬೇರೆ ದಿನ ಅಲ್ಲ, ಮುಖ್ಯ ಆಟಕ್ಕೇ. ಕೂಸೇ, ಏನೆಲ್ಲ ಬೇಕು ಅಂತ ಹೇಳು, ಪ್ರಸ್ತಾಪದ ಜೊತೆಯಲ್ಲೇ ಓದಿ ಹೇಳುತ್ತೇನೆ.

ತೆಂಬರೆ

ಅಣ್ಣ, ಕೋಲದ ನೋಟೀಸು ಮಾಡುವಾಗ ಪಾಡ್ದನ ಹೇಳುವವರ ಹೆಸರೂ ಹಾಕಿಸಿ. ನಿಮ್ಮಲ್ಲಿ ಹೇಳುವವರು ನನ್ನ ಚಿಕ್ಕಮ್ಮನ ಸಂಬಂಧದವರು. ಹೆಸರು ನಾನು ಖಾಸಗಿಯಾಗಿ ಕಳಿಸುತ್ತೇನೆ. ಅವರ ಪಡಿ ಅವರ ಕೈಗೇ ಕೊಡಿ.

ಮದ್ದಳೆ ಕೂಸು

ಅಣ್ಣ, ಗಂಡು ಮದ್ದಳೆಗಾರರಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ, ಜಾಸ್ತಿ ಬೇಡ, ಕಡಿಮೆಯೂ ಬೇಡ. ನೋಟೀಸಿನಲ್ಲಿ ಹೆಸರು 'ಮದ್ದಳೆ' ಎಂಬಲ್ಲೇ ಇರಲಿ, 'ವಿಶೇಷ ಆಕರ್ಷಣೆ' ಎಂಬಲ್ಲಿ ಬೇಡ. ಆಟ ಮುಗಿದ ಮೇಲೆ ಬಸ್ಸು ಇರುವುದಿಲ್ಲ, ಹಿಮ್ಮೇಳದವರ ಗಾಡಿಯಲ್ಲೇ ಭಾಗವತರ ಜೊತೆ ನನಗೂ ಜಾಗ ಸಿಕ್ಕಿದರೆ ಸಾಕು. ಚೌಕಿಯ ಪಕ್ಕದಲ್ಲಿ ಒಂದು ಕೋಣೆ ಬೇಕು, ಶಾಲೆಯ ಕೋಣೆಯಾದರೂ ಆದೀತು, ನೀರು ಇರಬೇಕು. ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಮೊದಲೇ ತಿಳಿಸಿ, ರಾತ್ರಿ ಹುಡುಕುವ ಹಾಗೆ ಆಗಬಾರದು.